ಹೊಟ್ಟೆ ಆಪರೇಷನ್ ಆದ ಮೇಲೆ ಎಕ್ಸ್‌ರೇಯಲ್ಲಿ ‘ಗಾಳಿ’ ಕಂಡರೆ ಕರುಳು ತೂತಾಗಿದೆ ಅಂತಲೇ ಅರ್ಥನಾ? ಇಲ್ಲಿದೆ ಪೂರ್ತಿ ಮಾಹಿತಿ

ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶ, ಸಿಸೇರಿಯನ್, ಸಂತಾನಹರಣ. ಇವುಗಳಲ್ಲಿ ಒಂದಾದರೂ ಆಪರೇಷನ್ ಆಗದ ಮನೆ ನಮ್ಮ ತಾಲ್ಲೂಕಿನಲ್ಲಿ ಸಿಗೋದು ಕಷ್ಟ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ, ಹೊಲಿಗೆ ಬಿಚ್ಚಿಸುತ್ತಾರೆ, ಮತ್ತೆ ಅಂಗಡಿ ಬಾಗಿಲು ತೆಗೆಯುತ್ತಾರೆ. ಯಾವ ತೊಂದರೆಯೂ ಆಗೋದಿಲ್ಲ.

ಆದರೆ ಕೆಲವೇ ಕೆಲವರಲ್ಲಿ ಆಪರೇಷನ್ ಆದ ಮೂರನೇ ದಿನವೋ ಏಳನೇ ದಿನವೋ ಹೊಟ್ಟೆ ಉಬ್ಬುತ್ತದೆ, ನೋವು ಜಾಸ್ತಿಯಾಗುತ್ತದೆ. ಡಾಕ್ಟರ್ ಎಕ್ಸ್‌ರೇ ಬರೆದುಕೊಡುತ್ತಾರೆ. ‘ಡಯಾಫ್ರಮ್ ಕೆಳಗೆ ಗಾಳಿ ಇದೆ’ ಅಂತ ವರದಿ ಬರುತ್ತದೆ. ಅಲ್ಲಿಂದ ಗೊಂದಲ ಶುರು. ಒಬ್ಬರು ಕರುಳು ತೂತಾಗಿದೆ ಅಂತಾರೆ, ಇನ್ನೊಬ್ಬರು ಆಪರೇಷನ್ ಆದವರಿಗೆಲ್ಲ ಹಾಗೇ ಇರುತ್ತೆ ಬಿಡಿ ಅಂತಾರೆ. ಎರಡೂ ಸರಿ ಇರಬಹುದು, ಎರಡೂ ತಪ್ಪಿರಬಹುದು. ಯಾಕೆ ಅಂತ ತಿಳಿದುಕೊಂಡರೆ ಅನಗತ್ಯ ಭಯವೂ ತಪ್ಪುತ್ತದೆ, ಜೀವಕ್ಕೆ ಕುತ್ತು ತರುವ ಉದಾಸೀನವೂ ತಪ್ಪುತ್ತದೆ.

ಕರುಳು ತೂತಾದರೆ ಒಳಗೆ ಏನಾಗುತ್ತೆ?

ನಮ್ಮ ಹೊಟ್ಟೆ ಒಂದು ಮುಚ್ಚಿದ ಚೀಲ ಇದ್ದ ಹಾಗೆ. ಚೀಲದೊಳಗೆ ಕರುಳು ಇದೆ, ಕರುಳಿನೊಳಗೆ ಆಹಾರ, ಮಲ, ಗಾಳಿ, ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಇವೆಲ್ಲ ಕರುಳಿನ ಒಳಗೆ ಇರುವ ತನಕ ತೊಂದರೆ ಇಲ್ಲ. ಕರುಳಿಗೆ ತೂತು ಬಿದ್ದರೆ ಅದೆಲ್ಲ ಚೀಲಕ್ಕೆ ಸೋರುತ್ತದೆ. ಆಗ ಹೊಟ್ಟೆಯೊಳಗೆ ನಂಜು, ಕೀವು ಶುರುವಾಗುತ್ತದೆ. ಡಾಕ್ಟರ್‌ಗಳು ಇದಕ್ಕೆ ಪೆರಿಟೋನೈಟಿಸ್ ಅನ್ನುತ್ತಾರೆ. ನಂಜು ರಕ್ತಕ್ಕೆ ಸೇರಿದರೆ ಬಿಪಿ ಇಳಿಯುತ್ತದೆ, ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಇಲ್ಲಿ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು.

ಆಪರೇಷನ್ ನಂತರ ಹೀಗಾಗಲು ಮುಖ್ಯವಾಗಿ ಮೂರು ಕಾರಣ. ಒಂದು, ಆಪರೇಷನ್ ಹೊತ್ತಿನಲ್ಲೇ ಸೂಜಿ ಅಥವಾ ಉಪಕರಣ ಕರುಳಿಗೆ ತಾಗಿರುತ್ತದೆ. ಹಿಂದೆ ಆಪರೇಷನ್ ಆಗಿದ್ದವರಲ್ಲಿ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರುತ್ತದೆ, ಅವರಲ್ಲಿ ಈ ಅಪಾಯ ಹೆಚ್ಚು. ಎರಡು, ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಉಪಕರಣದ ಬಿಸಿ ಕರುಳಿಗೆ ತಾಗಿರುತ್ತದೆ. ಅವತ್ತು ತೂತು ಇರೋದಿಲ್ಲ. ಸುಟ್ಟ ಜಾಗ ಕೆಲವು ದಿನ ಬಿಟ್ಟು ಒಡೆಯುತ್ತದೆ. ಮೂರು, ಕರುಳಿನ ಒಂದು ಭಾಗ ತೆಗೆದು ಎರಡು ತುದಿ ಸೇರಿಸಿ ಹೊಲಿದಿದ್ದರೆ, ಆ ಜೋಡಣೆ ಬಿಟ್ಟುಕೊಂಡು ಸೋರಬಹುದು.

ಹೆದರುವ ಮೊದಲು ಒಂದು ಮಾತು. ಇದು ಅಪರೂಪ. ಲ್ಯಾಪ್ರೊಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್‌ಗಳಲ್ಲಿ ಕರುಳಿಗೆ ಪೆಟ್ಟಾಗುವುದು ಸಾವಿರಕ್ಕೆ ಒಂದೆರಡು ಪ್ರಕರಣಗಳಲ್ಲಿ ಅಂತ ಅಂದಾಜಿದೆ. ನುರಿತ ಸರ್ಜನ್ ಕೈಯಲ್ಲೂ ಇದು ಆಗಬಹುದು. ಆದದ್ದು ತಡವಾಗಿ ಗೊತ್ತಾದರೆ ಮಾತ್ರ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಹೊಟ್ಟೆ ನೋವಿಗೆ ಎದೆಯ ಎಕ್ಸ್‌ರೇ ಯಾಕೆ?

‘ನೋವಿರೋದು ಹೊಟ್ಟೇಲಿ, ಇವರು ಎದೆ ಎಕ್ಸ್‌ರೇ ತೆಗೀತಿದ್ದಾರಲ್ಲ’ ಅಂತ ಜೊತೆಗೆ ಬಂದವರು ಗೊಣಗೋದು ಸಾಮಾನ್ಯ. ಇದರಲ್ಲಿ ಅರ್ಥವಿದೆ.

ಕರುಳು ತೂತಾದರೆ ಗಾಳಿಯೂ ಹೊರಗೆ ಬರುತ್ತದೆ. ಗಾಳಿ ಹಗುರ, ಮೇಲಕ್ಕೆ ಏರುತ್ತದೆ. ರೋಗಿ ನೆಟ್ಟಗೆ ಕೂತಿದ್ದರೆ ಅಥವಾ ನಿಂತಿದ್ದರೆ, ಹೊಟ್ಟೆಯ ಅತಿ ಎತ್ತರದ ಜಾಗ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಮಾಂಸದ ಪರದೆಯ ಕೆಳಭಾಗ. ಈ ಪರದೆಗೆ ವಪೆ ಅಥವಾ ಡಯಾಫ್ರಮ್ ಅಂತಾರೆ. ಬಲಗಡೆ ವಪೆಯ ಕೆಳಗೆ ಲಿವರ್ ಇದೆ. ಎಕ್ಸ್‌ರೇಯಲ್ಲಿ ಲಿವರ್ ಬಿಳಿ, ಗಾಳಿ ಕಪ್ಪು. ಹಾಗಾಗಿ ವಪೆಗೂ ಲಿವರ್‌ಗೂ ನಡುವೆ ಗಾಳಿ ಸೇರಿದರೆ ಚೌತಿ ಚಂದ್ರನ ಹಾಗೆ ಬಾಗಿದ ಕಪ್ಪು ಗೆರೆ ಕಾಣುತ್ತದೆ. ಎದೆಯ ಎಕ್ಸ್‌ರೇಯಲ್ಲಿ ವಪೆ ಸ್ಪಷ್ಟವಾಗಿ ಬರುತ್ತದೆ, ಕಿರಣಗಳೂ ಅದನ್ನು ಸವರಿದ ಹಾಗೆ ಹಾದುಹೋಗುತ್ತವೆ. ಅದಕ್ಕೇ ಈ ಫಿಲ್ಮ್.

ಸರಿಯಾಗಿ ತೆಗೆದರೆ 1-2 ಮಿಲಿ ಲೀಟರ್ ಗಾಳಿಯನ್ನೂ ಈ ಎಕ್ಸ್‌ರೇಯಲ್ಲಿ ಹಿಡಿಯಬಹುದು. ಆದರೆ ‘ಸರಿಯಾಗಿ’ ಅನ್ನೋ ಮಾತು ಮುಖ್ಯ. ಗಾಳಿ ಮೇಲೇರಲು ಸಮಯ ಬೇಕು. ಹಾಗಾಗಿ ಫಿಲ್ಮ್ ತೆಗೆಯುವ ಮೊದಲು ರೋಗಿಯನ್ನು 5ರಿಂದ 10 ನಿಮಿಷ ನೆಟ್ಟಗೆ ಕೂರಿಸಬೇಕು. ಎಕ್ಸ್‌ರೇ ರೂಮಿನ ಮುಂದೆ ಟೆಕ್ನಿಷಿಯನ್ ‘ಸ್ವಲ್ಪ ಹೊತ್ತು ಕೂರಿಸಿ’ ಅಂದರೆ ಅದು ಕಾಯಿಸೋಕೆ ಹೇಳೋ ಮಾತಲ್ಲ, ಪರೀಕ್ಷೆಯ ಭಾಗವೇ.

ಕೂರಲು ಆಗದವರಿಗೆ ಬೇರೆ ದಾರಿ ಇದೆ. ಎಡ ಮಗ್ಗುಲಿಗೆ ಮಲಗಿಸಿ ಹತ್ತು-ಇಪ್ಪತ್ತು ನಿಮಿಷ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಆಗ ಬಲ ಪಕ್ಕೆ ಮೇಲಾಗುತ್ತದೆ, ಗಾಳಿ ಲಿವರ್‌ಗೂ ಪಕ್ಕೆಗೂ ನಡುವೆ ಬಂದು ನಿಲ್ಲುತ್ತದೆ. ಅಂಗಾತ ಮಲಗಿಸಿ ತೆಗೆದ ಫಿಲ್ಮಿನಲ್ಲಿ ಗಾಳಿ ಹೊಟ್ಟೆಯ ಮುಂಭಾಗದಲ್ಲಿ ಹರಡಿಕೊಳ್ಳುವುದರಿಂದ ಕಣ್ತಪ್ಪಿ ಹೋಗುವ ಸಾಧ್ಯತೆ ಹೆಚ್ಚು. ಗಾಳಿ ತುಂಬಾ ಇದ್ದರೆ ಮಾತ್ರ ಕರುಳಿನ ಗೋಡೆಯ ಒಳಬದಿ, ಹೊರಬದಿ ಎರಡೂ ಗೆರೆ ಎಳೆದಂತೆ ಕಾಣುತ್ತವೆ. 1941ರಲ್ಲಿ ಇದನ್ನು ವಿವರಿಸಿದ ಲಿಯೋ ರಿಗ್ಲರ್ ಹೆಸರಿನಿಂದ ಇದಕ್ಕೆ ರಿಗ್ಲರ್ ಚಿಹ್ನೆ ಅನ್ನುತ್ತಾರೆ.

ಆಪರೇಷನ್ ಆದವರಲ್ಲಿ ಇರೋ ತೊಡಕು ಇದೇ

ಆಪರೇಷನ್ನೇ ಆಗದ ವ್ಯಕ್ತಿಗೆ ಇದ್ದಕ್ಕಿದ್ದಂತೆ ಹೊಟ್ಟೆ ನೋವು ಬಂದು, ವಪೆ ಕೆಳಗೆ ಗಾಳಿ ಕಂಡರೆ ಲೆಕ್ಕ ಸುಲಭ. ಅಲ್ಸರ್ ಒಡೆದಿರಬಹುದು, ಟೈಫಾಯ್ಡ್‌ನಿಂದ ಕರುಳು ತೂತಾಗಿರಬಹುದು. ಹೆಚ್ಚಿನ ಸಂದರ್ಭದಲ್ಲಿ ನೇರ ಆಪರೇಷನ್ ಥಿಯೇಟರ್‌ಗೆ ಕರೆದೊಯ್ಯುತ್ತಾರೆ.

ಆದರೆ ಈಗಷ್ಟೇ ಹೊಟ್ಟೆ ಆಪರೇಷನ್ ಆದವರಲ್ಲಿ ಗಾಳಿ ಇರೋದು ಸಹಜ. ಹೊಟ್ಟೆ ತೆರೆದಾಗ ಥಿಯೇಟರಿನ ಗಾಳಿ ಒಳಗೆ ಹೋಗಿರುತ್ತದೆ. ಹೊಲಿಗೆ ಹಾಕಿದ ಮೇಲೂ ಅದರಲ್ಲಿ ಸ್ವಲ್ಪ ಒಳಗೇ ಉಳಿಯುತ್ತದೆ. ಈ ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಅದು ರಕ್ತದಲ್ಲಿ ಬೇಗ ಕರಗೋದಿಲ್ಲ. ಹಾಗಾಗಿ ತೆರೆದು ಮಾಡಿದ ಆಪರೇಷನ್ ನಂತರ ಮೊದಲ ವಾರ ಎಕ್ಸ್‌ರೇಯಲ್ಲಿ ಗಾಳಿ ಕಾಣೋದು ಸಾಮಾನ್ಯ. ಕೆಲವರಲ್ಲಿ ಎರಡು ವಾರದ ತನಕವೂ ಇರುತ್ತದೆ. ಸಣಕಲು ಮೈಯವರಲ್ಲಿ ದಪ್ಪ ಇರುವವರಿಗಿಂತ ಹೆಚ್ಚು ದಿನ ಉಳಿಯುತ್ತದೆ. ಹೊಟ್ಟೆಗೆ ಹಾಕಿದ ಡ್ರೈನ್ ಪೈಪಿನ ಮೂಲಕವೂ ಒಂದಿಷ್ಟು ಗಾಳಿ ಒಳಗೆ ಸೇರಬಹುದು.

ಕ್ಯಾಮೆರಾ ಆಪರೇಷನ್ ಲೆಕ್ಕ ಬೇರೆ. ಅಲ್ಲಿ ಹೊಟ್ಟೆ ಉಬ್ಬಿಸಲು ತುಂಬುವುದು ಇಂಗಾಲದ ಡೈಆಕ್ಸೈಡ್. ಸೋಡಾ ಬಾಟಲಿಯಲ್ಲಿ ಇರೋದೂ ಅದೇ ಅನಿಲ. ನೀರಿನಲ್ಲಿ, ರಕ್ತದಲ್ಲಿ ಬೇಗ ಕರಗುತ್ತದೆ. ಹಾಗಾಗಿ ಹೆಚ್ಚಿನವರಲ್ಲಿ ಮೂರು ದಿನದೊಳಗೆ, ಬಹುತೇಕ ಎಲ್ಲರಲ್ಲೂ ಒಂದು ವಾರದೊಳಗೆ ಅದು ಮಾಯವಾಗುತ್ತದೆ. ಕ್ಯಾಮೆರಾ ಆಪರೇಷನ್ ಆದವರಿಗೆ ಒಂದೆರಡು ದಿನ ಬಲ ಭುಜ ನೋಯೋದೂ ಈ ಅನಿಲದಿಂದಲೇ. ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಜಾಗದಿಂದ ಹೊರಡುವುದರಿಂದ ಅಲ್ಲಿನ ಉರಿ ಇಲ್ಲಿ ನೋವಾಗಿ ಗೊತ್ತಾಗುತ್ತದೆ. ಇದು ತಾನಾಗೇ ಕಡಿಮೆಯಾಗಬೇಕು. ಕಡಿಮೆಯಾಗದೆ ಹೆಚ್ಚಾದರೆ ಡಾಕ್ಟರ್‌ಗೆ ಹೇಳಬೇಕು.

ಒಂದೇ ಫಿಲ್ಮ್, ಎರಡು ಅರ್ಥ

ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಆಪರೇಷನ್ ಆಗಿ ಐದನೇ ದಿನ. ಇಬ್ಬರ ಎಕ್ಸ್‌ರೇಯಲ್ಲೂ ವಪೆ ಕೆಳಗೆ ಕಪ್ಪು ಗೆರೆ.

ಮೊದಲನೆಯವರಿಗೆ ಹೊಟ್ಟೆ ತೆರೆದು ಆಪರೇಷನ್ ಆಗಿದೆ. ಎರಡನೇ ದಿನದ ಎಕ್ಸ್‌ರೇಯಲ್ಲಿ ಗೆರೆ ದಪ್ಪ ಇತ್ತು, ಈಗ ಸಣ್ಣದಾಗಿದೆ. ಜ್ವರ ಇಲ್ಲ, ನಾಡಿ ನಿಮಿಷಕ್ಕೆ 80. ಗ್ಯಾಸ್ ಹೋಗಿದೆ, ಗಂಜಿ ಕುಡಿಯುತ್ತಿದ್ದಾರೆ. ಇಲ್ಲಿ ಕಾಣುತ್ತಿರುವುದು ಥಿಯೇಟರಿನ ಗಾಳಿ, ಕರಗುತ್ತಿದೆ.

ಎರಡನೆಯವರಿಗೆ ಕ್ಯಾಮೆರಾ ಹಾಕಿ ಪಿತ್ತಕೋಶ ತೆಗೆದಿದ್ದಾರೆ. ಎರಡನೇ ದಿನದ ಫಿಲ್ಮಿನಲ್ಲಿ ಗಾಳಿ ಹೆಚ್ಚುಕಡಿಮೆ ಇರಲೇ ಇಲ್ಲ, ಇವತ್ತು ದಪ್ಪ ಗೆರೆ ಇದೆ. ನಾಡಿ 120. ಹೊಟ್ಟೆ ಬಿಗಿದಿದೆ, ಹಸಿರು ವಾಂತಿ ಆಗಿದೆ. ಇಲ್ಲಿ ಆ ಗೆರೆ ಅಪಾಯದ ಗಂಟೆ.

ಅಂದರೆ ‘ಗಾಳಿ ಇದೆಯಾ, ಇಲ್ವಾ’ ಅಂತ ಕೇಳಿದರೆ ಸಾಲದು. ಡಾಕ್ಟರ್ ನಾಲ್ಕು ವಿಷಯ ಒಟ್ಟಿಗೆ ನೋಡುತ್ತಾರೆ: ಯಾವ ಬಗೆಯ ಆಪರೇಷನ್, ಆಗಿ ಎಷ್ಟು ದಿನ, ಹಿಂದಿನ ಫಿಲ್ಮಿಗಿಂತ ಗಾಳಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ರೋಗಿ ಹೇಗಿದ್ದಾರೆ. ಸಹಜವಾಗಿ ಉಳಿದ ಗಾಳಿ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚಾದರೆ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ ಅಂತ ಅರ್ಥ. ಅದಕ್ಕೇ ಹಳೇ ಫಿಲ್ಮ್ ಕಸ ಅಲ್ಲ, ಹೋಲಿಕೆಗೆ ಅದೇ ಆಧಾರ.

ಎಕ್ಸ್‌ರೇ ‘ನಾರ್ಮಲ್’ ಬಂದರೆ ನಿಶ್ಚಿಂತೆನಾ?

ಇಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು.

ತೂತು ಇದ್ದರೂ ಎಕ್ಸ್‌ರೇಯಲ್ಲಿ ಗಾಳಿ ಕಾಣದೇ ಇರಬಹುದು. ಹತ್ತರಲ್ಲಿ ಎರಡು-ಮೂರು ಪ್ರಕರಣಗಳಲ್ಲಾದರೂ ಹೀಗಾಗುತ್ತದೆ. ಸಣ್ಣ ಕರುಳಿನಲ್ಲಿ ಸಾಮಾನ್ಯವಾಗಿ ಗಾಳಿ ಕಡಿಮೆ, ದ್ರವ ಹೆಚ್ಚು. ಅಲ್ಲಿ ತೂತಾದರೆ ದ್ರವ ಸೋರುತ್ತದೆ, ಗಾಳಿ ಬಾರದೇ ಇರಬಹುದು. ಕೆಲವೊಮ್ಮೆ ಹೊಟ್ಟೆಯೊಳಗಿನ ಕೊಬ್ಬಿನ ಪದರ ಬಂದು ತೂತಿಗೆ ಅಂಟಿಕೊಂಡು ಮುಚ್ಚಿಬಿಡುತ್ತದೆ. ಇನ್ನು ಕೆಲವೊಮ್ಮೆ ತೂತು ಕರುಳಿನ ಬೆನ್ನಿನ ಕಡೆಗಿದ್ದು, ಗಾಳಿ ವಪೆಯ ಕೆಳಗೆ ಬರಲು ದಾರಿಯೇ ಇರೋದಿಲ್ಲ. ಹಾಗಾಗಿ ರೋಗಿ ಸುಸ್ತಾಗುತ್ತಾ ಹೋಗುತ್ತಿದ್ದರೆ, ‘ಎಕ್ಸ್‌ರೇ ನಾರ್ಮಲ್ ಬಂದಿದೆಯಲ್ಲ’ ಅಂತ ಸುಮ್ಮನೆ ಕೂರಬಾರದು.

ಇದರ ಉಲ್ಟಾ ಕೂಡ ಇದೆ. ಎಡಗಡೆ ವಪೆ ಕೆಳಗೆ ಜಠರದ ಗಾಳಿಗುಳ್ಳೆ ಹೆಚ್ಚಿನವರಲ್ಲಿ ಕಾಣುತ್ತದೆ, ಅದು ಸಹಜ. ಕೆಲವರಲ್ಲಿ ದೊಡ್ಡ ಕರುಳಿನ ಒಂದು ಭಾಗ ಲಿವರ್‌ಗೂ ವಪೆಗೂ ನಡುವೆ ನುಸುಳಿ ಕೂತಿರುತ್ತದೆ. ನೋಡಲು ಹೊರಗೆ ಬಂದ ಗಾಳಿಯ ಹಾಗೇ ಇರುತ್ತದೆ, ಆದರೆ ಗಾಳಿ ಕರುಳಿನ ಒಳಗೇ ಇದೆ. 1910ರಲ್ಲಿ ಇದನ್ನು ವಿವರಿಸಿದ ಚಿಲೈಡಿಟಿ ಎಂಬ ವೈದ್ಯರ ಹೆಸರೇ ಈ ಚಿಹ್ನೆಗೆ ಇದೆ. ಹಾಗಾಗಿ ಫಿಲ್ಮನ್ನು ಅನುಭವಿ ಕಣ್ಣು ನೋಡಬೇಕು.

ಸಿಟಿ ಸ್ಕ್ಯಾನ್‌ಗೆ ಯಾಕೆ ಕಳಿಸ್ತಾರೆ?

ಅನುಮಾನ ಉಳಿದರೆ ಮುಂದಿನ ಹೆಜ್ಜೆ ಸಿಟಿ ಸ್ಕ್ಯಾನ್. ಎಕ್ಸ್‌ರೇಗೆ ಕಾಣದ ಚಿಕ್ಕ ಗಾಳಿಗುಳ್ಳೆ, ಕರುಳುಗಳ ನಡುವೆ ಸೇರಿದ ಕೀವು, ದ್ರವ ಎಲ್ಲ ಅದರಲ್ಲಿ ಕಾಣುತ್ತದೆ. ಬೇಕಾದರೆ ಔಷಧದ ದ್ರವ ಕುಡಿಸಿ ಸ್ಕ್ಯಾನ್ ಮಾಡುತ್ತಾರೆ. ಆ ದ್ರವ ಕರುಳಿನಿಂದ ಹೊರಗೆ ಸೋರಿರುವುದು ಕಂಡರೆ ತೂತು ಇದೆ ಅಂತ ಖಾತ್ರಿ. ಸೋರಿಕೆಯ ಅನುಮಾನ ಇದ್ದಾಗ ಬೇರಿಯಂ ಕುಡಿಸೋದಿಲ್ಲ, ಅದು ಹೊಟ್ಟೆಯೊಳಗೆ ಬಿದ್ದರೆ ಉರಿಯೂತ ಇನ್ನೂ ಕೆರಳುತ್ತದೆ. ನೀರಿನಲ್ಲಿ ಕರಗುವ ಬೇರೆ ಔಷಧ ಬಳಸುತ್ತಾರೆ. ನರಕ್ಕೆ ಔಷಧ ಕೊಟ್ಟು ಮಾಡುವ ಸ್ಕ್ಯಾನ್ ಆದರೆ ಮೊದಲು ಕಿಡ್ನಿ ಹೇಗಿದೆ ಅಂತ ರಕ್ತ ಪರೀಕ್ಷೆ ಮಾಡಿಸಬಹುದು. ಅಲರ್ಜಿ ಇದ್ದರೆ, ಶುಗರ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ.

ಹಾಗಾದರೆ ಎಲ್ಲರಿಗೂ ನೇರ ಸಿಟಿ ಸ್ಕ್ಯಾನ್ ಮಾಡಬಹುದಲ್ಲ? ತಾಲ್ಲೂಕು ಮಟ್ಟದಲ್ಲಿ ಎಕ್ಸ್‌ರೇ ಸುಲಭವಾಗಿ ಸಿಗುತ್ತದೆ, ಸಿಟಿಗೆ ಸಾಮಾನ್ಯವಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಎಕ್ಸ್‌ರೇ ಖರ್ಚು ಕಡಿಮೆ, ಕೆಲವೇ ನಿಮಿಷದ ಕೆಲಸ, ವಿಕಿರಣವೂ ತೀರಾ ಕಡಿಮೆ. ಒಂದು ಎದೆ ಎಕ್ಸ್‌ರೇಯ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಾಗುತ್ತದೆ. ಹೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ ಅದು ಸುಮಾರು 8ರಿಂದ 10. ಹಾಗಂತ ಡಾಕ್ಟರ್ ಬೇಕು ಅಂದಾಗ ವಿಕಿರಣದ ಭಯಕ್ಕೆ ಸಿಟಿ ಬೇಡ ಅನ್ನಬೇಡಿ. ಸೋರುವ ಕರುಳಿನ ಅಪಾಯದ ಮುಂದೆ ಅದು ಏನೂ ಅಲ್ಲ. ಗರ್ಭಿಣಿ ಆಗಿರುವ ಸಾಧ್ಯತೆ ಇದ್ದರೆ ಮಾತ್ರ ಎಕ್ಸ್‌ರೇಗೂ ಮೊದಲೇ ತಿಳಿಸಿ.

ಇನ್ನೊಂದು ವಿಷಯ. ರೋಗಿಯ ಸ್ಥಿತಿ ತೀರಾ ಹದಗೆಟ್ಟಿದ್ದರೆ ಸರ್ಜನ್ ಯಾವ ಸ್ಕ್ಯಾನಿಗೂ ಕಾಯದೆ ಮತ್ತೆ ಹೊಟ್ಟೆ ತೆರೆದು ನೋಡುವ ನಿರ್ಧಾರ ಮಾಡಬಹುದು. ಅದು ಅವಸರ ಅಲ್ಲ, ಜೀವ ಉಳಿಸುವ ದಾರಿ.

ಯಾವ ದಿನಗಳಲ್ಲಿ ಹುಷಾರಾಗಿರಬೇಕು?

ಉಪಕರಣ ತಾಗಿ ನೇರ ತೂತಾಗಿದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ಕರುಳು ಜೋಡಿಸಿದ ಜಾಗ ಸೋರೋದು ಹೆಚ್ಚಾಗಿ 5ರಿಂದ 7ನೇ ದಿನದ ಆಸುಪಾಸಿನಲ್ಲಿ. ಬಿಸಿ ತಾಗಿ ಸುಟ್ಟ ಜಾಗ ಒಡೆಯೋದು 4ರಿಂದ 10 ದಿನದ ನಡುವೆ. ಕ್ಯಾಮೆರಾ ಆಪರೇಷನ್ ಆದವರು ಅಷ್ಟೊತ್ತಿಗೆ ಡಿಸ್ಚಾರ್ಜ್ ಆಗಿ ಮನೆಯಲ್ಲಿರುತ್ತಾರೆ. ನೋಡಿಕೊಳ್ಳುವವರು ನರ್ಸ್ ಅಲ್ಲ, ಮನೆಯವರು. ಹಾಗಾಗಿ ಈ ಲಕ್ಷಣಗಳು ಮನೆಯವರಿಗೇ ಗೊತ್ತಿರಬೇಕು:

– ಕಡಿಮೆಯಾಗುತ್ತಿದ್ದ ನೋವು ಮತ್ತೆ ಜಾಸ್ತಿಯಾಗುವುದು
– ಸುಮ್ಮನೆ ಮಲಗಿದ್ದರೂ ನಾಡಿ ನಿಮಿಷಕ್ಕೆ 100 ದಾಟುವುದು, ಏದುಸಿರು
– ಹೊಟ್ಟೆ ಉಬ್ಬಿ ಬಿಗಿಯಾಗುವುದು, ಮುಟ್ಟಿದರೆ ಸಹಿಸಲಾಗದ ನೋವು
– ಹಸಿರು ಅಥವಾ ಮತ್ತೆ ಮತ್ತೆ ವಾಂತಿ, ಗ್ಯಾಸ್ ಹೋಗದಿರುವುದು
– ಜ್ವರ, ಚಳಿ, ಮೂತ್ರ ಕಡಿಮೆಯಾಗುವುದು, ಮಂಕು ಕವಿದ ಹಾಗಿರುವುದು
– ಗಾಯದಿಂದ ಅಥವಾ ಡ್ರೈನ್ ಪೈಪಿನಿಂದ ಮಲದ ವಾಸನೆಯ, ಹಳದಿ-ಹಸಿರು ಬಣ್ಣದ ದ್ರವ

ಆಪರೇಷನ್ ಆದ ಮೊದಲ ಎರಡು-ಮೂರು ದಿನ ಕರುಳು ಮಂಕಾಗಿರೋದು, ಸ್ವಲ್ಪ ಉಬ್ಬರ ಇರೋದು ಮಾಮೂಲಿ. ದಿನ ಕಳೆದಂತೆ ಸುಧಾರಿಸಬೇಕು, ಅದೇ ಗುರುತು. ವಯಸ್ಸಾದವರು, ಶುಗರ್ ಇರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ, ನೋವು ಜೋರಾಗಿ ಕಾಣದೇ ಇರಬಹುದು. ಕ್ಯಾಮೆರಾ ಆಪರೇಷನ್ ಆದವರಲ್ಲೂ ಕೆಲವೊಮ್ಮೆ ತೂತು ಹಾಕಿದ ಜಾಗದ ನೋವು, ಉಬ್ಬರ, ಭೇದಿ ಇಷ್ಟರಲ್ಲೇ ಶುರುವಾಗುತ್ತದೆ. ಅಂಥವರಲ್ಲಿ ‘ಯಾಕೋ ಸರಿ ಇಲ್ಲ’ ಅನ್ನಿಸಿದರೂ ತೋರಿಸಿ.

ಹೀಗಾದಾಗ ಮನೆಮದ್ದು ಮಾಡ್ತಾ ಕೂರಬೇಡಿ. ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಭೇದಿ ಮಾತ್ರೆ, ಎನಿಮಾ ಬೇಡವೇ ಬೇಡ. ಆಪರೇಷನ್ ಮಾಡಿದ ಆಸ್ಪತ್ರೆಗೆ ತಕ್ಷಣ ಹೋಗಿ. ಅದು ದೂರ ಇದ್ದರೆ 108ಕ್ಕೆ ಕರೆ ಮಾಡಿ, ಸರ್ಜನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ‘ಬೆಳಗ್ಗೆ ಬಸ್ಸಿಗೆ ಹೋದರಾಯ್ತು’ ಅನ್ನೋ ಒಂದು ರಾತ್ರಿ ತುಂಬಾ ದುಬಾರಿ ಆಗಬಹುದು.

ಮೆಡಿಕಲ್ ಶಾಪ್‌ನವರಿಗೆ ಒಂದು ಮಾತು

ಹೊಟ್ಟೆ ಉಬ್ಬರ ಅಂದ ತಕ್ಷಣ ಹೆಚ್ಚಿನವರು ಮೊದಲು ಬರೋದು ನಿಮ್ಮ ಅಂಗಡಿಗೇ. ಗ್ಯಾಸ್ ಮಾತ್ರೆ, ಭೇದಿ ಸಿರಪ್, ನೋವಿನ ಮಾತ್ರೆ ಕೇಳಿದವರಿಗೆ ಒಂದೇ ಪ್ರಶ್ನೆ ಕೇಳಿ: ‘ಇತ್ತೀಚೆಗೆ ಹೊಟ್ಟೆ ಆಪರೇಷನ್ ಏನಾದ್ರೂ ಆಗಿದೆಯಾ?’ ಎರಡು-ಮೂರು ವಾರದೊಳಗೆ ಆಗಿದೆ ಅಂದರೆ ಮಾತ್ರೆ ಕೊಡುವ ಬದಲು ಆಸ್ಪತ್ರೆಗೆ ಕಳಿಸಿ. ಹೊಸ ನೋವನ್ನು ಮಾತ್ರೆಯಿಂದ ಅಡಗಿಸಿದರೆ ರೋಗಿ ಮನೆಯಲ್ಲೇ ಉಳಿದುಬಿಡುತ್ತಾರೆ, ತೂತು ಮಾತ್ರ ಹಾಗೇ ಸೋರುತ್ತಿರುತ್ತದೆ.

ಕಾಗದ, ಫಿಲ್ಮ್ ಜೋಪಾನ

ಆಸ್ಪತ್ರೆಗೆ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿ, ಹಳೇ ಎಕ್ಸ್‌ರೇ ಫಿಲ್ಮ್, ಮಾತ್ರೆ ಚೀಟಿ ಜೊತೆಯಲ್ಲಿರಲಿ. ಯಾವ ಆಪರೇಷನ್, ತೆರೆದು ಮಾಡಿದ್ದೋ ಕ್ಯಾಮೆರಾದ್ದೋ, ಯಾವ ತಾರೀಖು, ಇಷ್ಟು ಗೊತ್ತಾದರೆ ಡ್ಯೂಟಿ ಡಾಕ್ಟರ್‌ಗೆ ಅರ್ಧ ಕೆಲಸ ಆದ ಹಾಗೆ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಲ್ಲಿ ಫೋಟೋ ತೆಗೆದು ವಾಟ್ಸ್‌ಆ್ಯಪ್ ಮಾಡೋದು ಈಗ ರೂಢಿ. ತುರ್ತಿಗೆ ಸಲಹೆ ಕೇಳಲು ಅಡ್ಡಿಯಿಲ್ಲ, ಆದರೆ ಆ ಫೋಟೋದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣದೇ ಹೋಗಬಹುದು. ಅಸಲಿ ಫಿಲ್ಮ್ ಅಥವಾ ಸಿಡಿಯನ್ನೇ ತೋರಿಸಿ.

ದಾಖಲೆ ಕೇಳೋದು ನಿಮ್ಮ ಹಕ್ಕು. ರೋಗಿ ಅಥವಾ ಅವರ ಪರವಾಗಿ ಅಧಿಕೃತವಾಗಿ ಬಂದವರು ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಜಗಳ ಆಡೋ ಅಗತ್ಯ ಇಲ್ಲ, ಬರೆದುಕೊಟ್ಟು ಕೇಳಿ.

ಎಕ್ಸ್‌ರೇ ವರದಿ ಕೈಗೆ ಬಂದಾಗ ಡಾಕ್ಟರ್ ಹತ್ತಿರ ಮೂರು ಪ್ರಶ್ನೆ ಕೇಳಿದರೆ ಸಾಕು. ಈ ಗಾಳಿ ಇಷ್ಟನೇ ದಿನಕ್ಕೆ ಸಹಜವೇ? ಹಿಂದಿನ ಫಿಲ್ಮಿಗಿಂತ ಹೆಚ್ಚಾಗಿದೆಯೇ? ಸಿಟಿ ಸ್ಕ್ಯಾನ್ ಬೇಕೇ, ಬೇಡವಾದರೆ ಮತ್ತೆ ಯಾವಾಗ ಪರೀಕ್ಷೆ ಮಾಡುತ್ತೀರಿ? ಉತ್ತರ ಏನೇ ಬರಲಿ, ರೋಗಿ ನಿನ್ನೆಗಿಂತ ಇವತ್ತು ಸುಸ್ತಾಗಿದ್ದರೆ ಫಿಲ್ಮಿಗಿಂತ ಆ ಸುಸ್ತನ್ನೇ ಹೆಚ್ಚು ನಂಬಿ.